ಕಾಸರಗೋಡಿನಲ್ಲಿದ್ದು ಹಾಡಿನ ಆಲ್ಬಮ್ ಮಾಡುವುದು: ಮನೆಯೋ, ಊರಿನ ಸ್ಟುಡಿಯೋವೋ, ಮಂಗಳೂರೋ?

ಆರೇಳು ಸ್ವಂತ ಹಾಡು ಬರೆದು, ಸ್ವರ ಹಾಕಿ, ನಾಲ್ಕು ಜನರ ಮುಂದೆ ಹಾಡಿ ನೋಡಿದ ಮೇಲೆ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಎಲ್ಲಿ ರೆಕಾರ್ಡ್ ಮಾಡುವುದು? ಮಂಜೇಶ್ವರದಲ್ಲಿರಲಿ, ಬದಿಯಡ್ಕದಲ್ಲಿರಲಿ, ಮುಳ್ಳೇರಿಯದಲ್ಲಿರಲಿ, ದಾರಿ ಮೂರು. ಮನೆಯ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಬಹುದು. ಹತ್ತಿರದ ಪೇಟೆಯ ಸಣ್ಣ ಸ್ಟುಡಿಯೋಕ್ಕೆ ಹೋಗಬಹುದು. ಮಂಗಳೂರಿಗೆ ಹೋಗಬಹುದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಡೀ ಆಲ್ಬಮ್ ಒಂದೇ ಕಡೆ ಆಗಬೇಕೆಂಬ ನಿಯಮ ಯಾವುದೂ ಇಲ್ಲ. ಹಾಡು ಬರೆದವರು ಆಲ್ಬಮ್ ಮಾಡುವುದು ಮಾತು ಕೇಳಿಸಬೇಕು ಅಂತ. ಹಾಗಾಗಿ ನಿಮ್ಮ ಕನ್ನಡ, ನಿಮ್ಮ ತುಳು, ನಿಮ್ಮ ಹವ್ಯಕ ಮಾತು ಸ್ಪಷ್ಟವಾಗಿ ಸಿಗುವ ಕಡೆ ಹಾಡಿ, ದುಡ್ಡಿನ ದೊಡ್ಡ ಪಾಲನ್ನೂ ಅಲ್ಲಿಗೇ ಇಡಿ. ಉಳಿದದ್ದನ್ನು ಎಲ್ಲಿ ಕಡಿಮೆಯಲ್ಲಿ ಆಗುತ್ತದೋ ಅಲ್ಲಿ ಮಾಡಿಕೊಳ್ಳಬಹುದು.

ಜಾಗಕ್ಕಿಂತ ಮೊದಲು ಹಾಡು

ಪ್ರತಿ ಹಾಡಿಗೂ ಒಂದು ಹಾಳೆ ಮಾಡಿ. ಪೂರ್ತಿ ಸಾಹಿತ್ಯ, ಶ್ರುತಿ, ತಾಳ, ನಿಮಿಷಕ್ಕೆ ಎಷ್ಟು ಬೀಟ್, ಪಲ್ಲವಿ ಎಷ್ಟು ಸಲ, ನಡುವೆ ವಾದ್ಯಕ್ಕೆ ಎಷ್ಟು ಆವರ್ತ ಎಂಬುದೆಲ್ಲ ಅದರಲ್ಲಿರಲಿ. ಈ ಹಾಳೆಯಿಲ್ಲದೆ ಸ್ಟುಡಿಯೋಕ್ಕೆ ಹೋದರೆ ಮೊದಲ ಎರಡು ಗಂಟೆ ಇದನ್ನೇ ತೀರ್ಮಾನಿಸಲು ಹೋಗುತ್ತದೆ, ಆ ಹೊತ್ತಿಗೂ ಬಾಡಿಗೆ ಕೊಡಬೇಕಾಗುತ್ತದೆ.

ಶ್ರುತಿಯ ವಿಷಯದಲ್ಲಿ ಅವಸರ ಬೇಡ. ಹಾಡಿನ ಅತಿ ಎತ್ತರದ ಸಾಲನ್ನು ಹತ್ತು ಸಲ ಹಾಡಿ ನೋಡಿ. ಹತ್ತನೆಯ ಸಲಕ್ಕೂ ಗಂಟಲು ಬಿಗಿಯದಿದ್ದರೆ ಆ ಶ್ರುತಿ ನಿಮ್ಮದು. ಒಂದು ಸಲ ಹಾಡಿ “ಕಪ್ಪು ಎರಡು ಸಿಗ್ತದೆ” ಎಂದು, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯೇ ನನ್ನ ಶ್ರುತಿ ಎಂದು, ಹೇಳಿಬಿಟ್ಟರೆ ಆಮೇಲೆ ಕಷ್ಟ, ಯಾಕೆಂದರೆ ಸ್ಟುಡಿಯೋದಲ್ಲಿ ಆ ಸಾಲನ್ನು ಹತ್ತಕ್ಕಿಂತ ಹೆಚ್ಚು ಸಲವೇ ಹಾಡಬೇಕಾಗುತ್ತದೆ. ಕೀಬೋರ್ಡ್ ಪ್ರೋಗ್ರಾಮಿಂಗನ್ನು, ಅಂದರೆ ಕಂಪ್ಯೂಟರಿನಲ್ಲಿ ಜೋಡಿಸಿದ ವಾದ್ಯವನ್ನು, ಒಂದು ಮನೆ ಕೆಳಗಿಳಿಸುವುದು ಕ್ಷಣದ ಕೆಲಸ. ಕೊಳಲು, ಪಿಟೀಲು, ಶ್ರುತಿ ಮಾಡಿದ ತಬಲ ರೆಕಾರ್ಡ್ ಆದ ಮೇಲೆ ಇಳಿಸಬೇಕೆಂದರೆ ಅವರನ್ನು ಇನ್ನೊಮ್ಮೆ ಕರೆಸಬೇಕು.

ಹಾರ್ಮೋನಿಯಂ ಇದ್ದರೆ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಮನೆಯ ಹಳೆಯ ಪೆಟ್ಟಿಗೆಗಳು ಬಹಳಷ್ಟು ಸಲ ಕೀಬೋರ್ಡಿನ ‘ಎ’ ಸ್ವರದ 440 ಹರ್ಟ್ಝ್ ಲೆಕ್ಕದಲ್ಲಿ ಇರುವುದಿಲ್ಲ. ಮೊಬೈಲಿನ ಟ್ಯೂನರ್ ಆ್ಯಪ್ ಇಟ್ಟು ‘ಎ’ ಸ್ವರ ಒತ್ತಿ ನೋಡಿ. 445 ತೋರಿಸಿದರೆ ನಿಮ್ಮ ಪೆಟ್ಟಿಗೆ ಕೀಬೋರ್ಡಿಗಿಂತ ಸುಮಾರು 20 ಸೆಂಟ್ ಮೇಲಿದೆ ಎಂದರ್ಥ. ಅರ್ಧ ಸ್ವರಕ್ಕೆ 100 ಸೆಂಟ್. ಈ 20 ಸೆಂಟಿನ ವ್ಯತ್ಯಾಸ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ, ಆದರೆ ಹಾಡು ಪೂರ್ತಿ ಏನೋ ಹುಳಿಯಾಗಿ ಕೇಳಿಸುತ್ತದೆ. ಪ್ರೋಗ್ರಾಮಿಂಗ್ ಮಾಡುವವರಿಗೆ ಈ ಅಂಕಿಯನ್ನು ಮೊದಲೇ ಹೇಳಿದರೆ ಅವರು ಕೀಬೋರ್ಡನ್ನು 445ಕ್ಕೆ ಏರಿಸಿಕೊಂಡೇ ಶುರುಮಾಡುತ್ತಾರೆ.

ಮನೆ

ಮನೆಯಲ್ಲಿ ಮಾಡಲು ಬೇಕಾದ ಸಾಮಾನು ಹೆಚ್ಚಿಲ್ಲ: ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ, ಎರಡು ಮೈಕ್ ಹಿಡಿಯುವ ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಗಟ್ಟಿ ಸ್ಟ್ಯಾಂಡ್, ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್. ಸಾಫ್ಟ್‌ವೇರಿಗೆ ರೀಪರ್ ಸಾಕು. 60 ದಿನ ಬಳಸಿ ನೋಡಿ ಆಮೇಲೆ ಕೊಳ್ಳಬಹುದು. ರೆಕಾರ್ಡಿಂಗ್ ಸೆಟ್ಟಿಂಗನ್ನು 24 ಬಿಟ್, 48 ಕಿಲೋಹರ್ಟ್ಝ್‌ಗೆ ಇಟ್ಟುಕೊಳ್ಳಿ. ಅತಿ ಜೋರಾದ ಸಾಲಿನಲ್ಲೂ ಮೀಟರ್ ಮೈನಸ್ 10 ಡಿಬಿ ದಾಟದ ಹಾಗೆ ಗೇನ್ (ಮೈಕಿನ ಸದ್ದು ಏರಿಸುವ ಗುಂಡಿ) ಇರಲಿ, 24 ಬಿಟ್ಟಿನಲ್ಲಿ ಇದಕ್ಕಿಂತ ಜೋರು ಬೇಕಾಗಿಲ್ಲ. ಹಾಡುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಸದ್ದಿನ ಅಳತೆ) 128. ಇದು ಹೆಚ್ಚಾದರೆ ನಿಮ್ಮ ಧ್ವನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸಿ ಲಯ ಜಾರುತ್ತದೆ. ಮಿಕ್ಸ್ ಮಾಡುವಾಗ, ಅಂದರೆ ಎಲ್ಲ ವಾದ್ಯ, ಧ್ವನಿಯನ್ನು ಹದವಾಗಿ ಸೇರಿಸುವಾಗ, 1024ಕ್ಕೆ ಏರಿಸಿ.

ತೊಂದರೆ ಬರುವುದು ಕೋಣೆಯಿಂದ. ನಮ್ಮ ಕಡೆಯ ಹಳೆಯ ಮುರಕಲ್ಲಿನ ಹಂಚಿನ ಮನೆಯಲ್ಲಿ ಮರದ ಅಟ್ಟ, ಓರೆ ಮಾಡು, ತುಂಬಿದ ಸಾಮಾನು ಇರುವುದರಿಂದ ಪ್ರತಿಧ್ವನಿ ಅಷ್ಟಿಲ್ಲ, ಆದರೆ ಹೊರಗಿನ ಸದ್ದು ಹಂಚಿನ ಸಂದಿಯಿಂದ ನೇರ ಒಳಗೆ ಬರುತ್ತದೆ. ಹೊಸ ಟೆರೇಸ್ ಮನೆಯಲ್ಲಿ ಹೊರಗಿನ ಸದ್ದು ಕಡಿಮೆ. ಅಲ್ಲಿ ನುಣುಪು ಟೈಲ್ಸ್ ನೆಲ, ಬರಿಯ ಗೋಡೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ: “ಟರ್‍ರ್” ಎಂದು ಬಾಲ ಉಳಿದರೆ ಆ ಬಾಲ ನಿಮ್ಮ ಪ್ರತಿ ಅಕ್ಷರಕ್ಕೂ ಅಂಟಿಕೊಳ್ಳುತ್ತದೆ, ಮಿಕ್ಸಿನಲ್ಲಿ ಅದನ್ನು ಚೆನ್ನಾಗಿ ತೆಗೆಯಲು ಸಾಧ್ಯವಿಲ್ಲ. ಪರಿಹಾರ ಹಾಸಿಗೆ, ರಜಾಯಿ, ಬಟ್ಟೆ ತುಂಬಿದ ಕಪಾಟು. ಎಷ್ಟೋ ಜನ ಇವನ್ನೆಲ್ಲ ಮೈಕಿನ ಹಿಂದೆ ಕಟ್ಟುತ್ತಾರೆ. ಹಾಡುವ ಮೈಕ್ ಮುಂದಿನಿಂದ ಬರುವುದನ್ನೇ ಹೆಚ್ಚು ಹಿಡಿಯುವುದರಿಂದ, ಮೊದಲು ಮುಚ್ಚಬೇಕಾದದ್ದು ಹಾಡುವವರ ಬೆನ್ನ ಹಿಂದಿನ ಗೋಡೆ. ತೆರೆದ ಬಟ್ಟೆ ಕಪಾಟಿಗೆ ಬೆನ್ನು ಮಾಡಿ ನಿಂತರೆ ಅರ್ಧ ಕೆಲಸ ಆದ ಹಾಗೆ. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಹೊರಗಿನ ಸದ್ದಿಗೆ ಹೊತ್ತು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ತೋಟದ ಸ್ಪ್ರಿಂಕ್ಲರ್ ಹೊಡೆತ ಮತ್ತು ಪಂಪು, ಸಂಜೆಗೆ ಜೀರುಂಡೆ, ಮಳೆಗಾಲದ ರಾತ್ರಿ ಕಪ್ಪೆ. ಕರಾವಳಿಯ ಪಟ್ಟಿಯಲ್ಲಿ ರೈಲು ಮತ್ತು 66ನೇ ಹೆದ್ದಾರಿ. ರೈಲಿನ ಗುಡುಗು ಕಿವಿಗೆ ಕೇಳಿಸದಿದ್ದರೂ ಸ್ಟ್ಯಾಂಡಿನ ಕಾಲಿನಿಂದ ಏರಿ ಮೈಕಿಗೆ ಬರುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ಚಾಪೆ ಹಾಕಿ, 80 ಹರ್ಟ್ಝ್ ಕೆಳಗಿನದನ್ನು ಕತ್ತರಿಸಿ.

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ “ಗುಂಯ್” ಬಂದು, ಇಂಟರ್‌ಫೇಸಿನ ಲೋಹ ಮುಟ್ಟಿದರೆ ಆ ಸದ್ದು ಹೆಚ್ಚುಕಡಿಮೆಯಾಗುತ್ತಿದ್ದರೆ ಮನೆಯ ಅರ್ಥಿಂಗ್ ಮೇಲೆ ಸಂಶಯಪಡಿ. ವಯರ್‌ಮ್ಯಾನ್ ಬಂದು ನೋಡುವವರೆಗೆ ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಕಾಟ: ಸೂಕ್ಷ್ಮ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ತೇವ ಹಿಡಿದರೆ ಪಟಪಟ ಎನ್ನತೊಡಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹಾಡುವುದಕ್ಕೆ ಅರ್ಧ ಗಂಟೆ ಮೊದಲು ಇಂಟರ್‌ಫೇಸಿನ 48 ವೋಲ್ಟ್ ಸ್ವಿಚ್ ಹಾಕಿ ಬಿಸಿಯಾಗಲು ಬಿಡಿ.

ಹಾಗಾದರೆ ಮನೆ ಯಾವುದಕ್ಕೆ? ಕೀಬೋರ್ಡ್, ಪ್ರೋಗ್ರಾಮಿಂಗ್, ನೇರ ತಂತಿಯಲ್ಲಿ ಗಿಟಾರ್, ತಂಬೂರಿ ಶ್ರುತಿ, ದಾರಿ ತೋರಿಸುವ ಕಚ್ಚಾ ಧ್ವನಿ: ಇಷ್ಟಕ್ಕೆ ಧಾರಾಳ ಸಾಕು. ಒಂದು ಹಾಡಿಗೆ ಇಪ್ಪತ್ತು ಗಂಟೆ ಕೂತರೂ ಯಾರೂ ಬಿಲ್ ಕೊಡುವುದಿಲ್ಲ. ಕೊನೆಯ ಧ್ವನಿಯನ್ನೂ ಮನೆಯಲ್ಲೇ ಹಾಡುವುದಿದ್ದರೆ ಕೋಣೆ ಮುಚ್ಚಿಕೊಳ್ಳಿ, ಅಷ್ಟಾಗದಿದ್ದರೆ ಕಂಡೆನ್ಸರ್ ಬಿಟ್ಟು ಡೈನಾಮಿಕ್ ಮೈಕ್ ಹಿಡಿದು ನಾಲ್ಕು ಬೆರಳು ದೂರದಿಂದ ಹಾಡಿ. ಸೂಕ್ಷ್ಮ ಸ್ವಲ್ಪ ಕಡಿಮೆಯಾದರೂ ಕೋಣೆಯ ಸದ್ದು ಹಿಂದೆ ಸರಿಯುತ್ತದೆ. ಚೆಂಡೆ, ತಬಲ, ಐದಾರು ಜನರ ಹಿಮ್ಮೇಳ ಮನೆಯಲ್ಲಿ ಬೇಡ.

ಊರಿನ ಸಣ್ಣ ಸ್ಟುಡಿಯೋ

ಕಾಸರಗೋಡಿನ ಕಡೆ ಹಾಡು ರೆಕಾರ್ಡ್ ಮಾಡುವುದು ಹೊಸ ಸಂಗತಿಯೇನಲ್ಲ. ಮೊಗ್ರಾಲನ್ನು ಇಶಲ್ ಗ್ರಾಮ ಎಂದೇ ಕರೆಯುತ್ತಾರೆ, ಇಶಲ್ ಎಂದರೆ ಮಾಪಿಳ್ಳೆ ಹಾಡಿನ ಧಾಟಿ. ಮಾಪಿಳ್ಳೆ ಪಾಟು, ಭಕ್ತಿಗೀತೆ, ಮದುವೆಯ ಹಾಡು ಮಾಡಿ ಕೈ ಪಳಗಿದ ಎಂಜಿನಿಯರ್‌ಗಳು ಇದ್ದಾರೆ. ಒಂದು ಕಂಟ್ರೋಲ್ ರೂಮು, ಗಾಜಿನಾಚೆ ಆರಡಿ-ಎಂಟಡಿಯ ಬೂತ್. ಹಾಡುವ ಮಟ್ಟಿಗೆ ಸಾಕು.

ನೋಡಲು ಹೋದಾಗ ಬೂತ್‌ನಲ್ಲಿ ನಿಂತು ಒಂದು ನಿಮಿಷ ಮಾತಾಡಿ, ಒಂದು ಚರಣ ಹಾಡಿ, ಯಾವ ಎಫೆಕ್ಟೂ ಹಾಕದ ಆ ಫೈಲನ್ನು ಕೇಳಿ ತೆಗೆದುಕೊಂಡು ಬನ್ನಿ. ಮನೆಯಲ್ಲಿ ನಿಮಗೆ ಅಭ್ಯಾಸವಿರುವ ಹೆಡ್‌ಫೋನಿನಲ್ಲಿ ಕೇಳಿ. ಸಣ್ಣ ಬೂತಿನ ಗೋಡೆಗೆ ತೆಳು ಫೋಮ್ ಮಾತ್ರ ಅಂಟಿಸಿದ್ದರೆ ಅದು ಮೇಲಿನ ಸ್ವರಗಳ ಹೊಳಪನ್ನಷ್ಟೇ ಹೀರಿ, ಕೆಳಗಿನ ಗುಂಗನ್ನು ಹಾಗೇ ಬಿಡುತ್ತದೆ. ಧ್ವನಿ ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಹಾಗೆ ಕೇಳಿಸಿದರೆ ಬೂತ್ ಬಿಟ್ಟು ಕಂಟ್ರೋಲ್ ರೂಮಿನಲ್ಲೇ, ಫ್ಯಾನ್ ಎಸಿ ನಿಲ್ಲಿಸಿ, ಎಂಜಿನಿಯರ್ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡಲು ಒಪ್ಪುತ್ತಾರಾ ಎಂದು ಕೇಳಿ. ಎಷ್ಟೋ ಸಲ ಅದೇ ಚೆನ್ನಾಗಿ ಬರುತ್ತದೆ.

ಕೋಣೆಗಿಂತ ದೊಡ್ಡ ವಿಷಯ ಎಂಜಿನಿಯರ್ ಕಿವಿ. ಅವರಿಗೆ ಕನ್ನಡ ಬರುತ್ತದೆಯೇ? ಬರದಿದ್ದರೆ ಕೆಲಸ ಕೆಡುತ್ತದೆ ಎಂದಲ್ಲ, ಜವಾಬ್ದಾರಿ ನಿಮ್ಮ ಮೇಲೆ ಬೀಳುತ್ತದೆ. ಭಾಷೆ ಬಾರದವರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದ ನಾಲ್ಕು ಟೇಕಿನಲ್ಲಿ ಒಂದನ್ನು ಆರಿಸುವಾಗ ಸ್ವರ, ಲಯ ನೋಡುತ್ತಾರೆ, ಅಕ್ಷರ ನೋಡಲಾರರು. ಒಂದು ಉದಾಹರಣೆ ನೋಡಿ. ಸಾಲಿನ ಮೊದಲಲ್ಲಿ ‘ಹೊಳೆ’ ಇದೆ. ‘ಹ’ ಎಂಬುದು ಬರಿಯ ಉಸಿರು, ಮೀಟರಿನಲ್ಲಿ ಅದರ ಎತ್ತರ ತೀರಾ ಕಡಿಮೆ. ಸಾಲಿನ ನಡುವಿನ ಉಸಿರಾಟದ ಸದ್ದು ತೆಗೆಯಲು ಗೇಟ್ (ಕಡಿಮೆ ಸದ್ದನ್ನು ತಾನೇ ಮುಚ್ಚಿಬಿಡುವ ಎಫೆಕ್ಟ್) ಹಾಕಿದರೆ, ಅಥವಾ ಅಲೆಯ ಚಿತ್ರ ನೋಡಿ ಕತ್ತರಿಸಿದರೆ, ಆ ‘ಹ’ವೂ ಉಸಿರಿನ ಜೊತೆ ಹೋಗಿಬಿಡುತ್ತದೆ. ಉಳಿಯುವುದು ‘ಒಳೆ’. ಹಾಡಿದವರ ‘ಳ’ ಸ್ವಲ್ಪ ಸಡಿಲವಾಗಿದ್ದರೆ ಕೇಳುವವರಿಗೆ ‘ಒಲೆ’. ಹೊಳೆಯ ಮೇಲಿನ ಹಾಡು ಅಡುಗೆಮನೆಗೆ ಹೋಯಿತು! ಗೇಟ್ ಬೇಡ ಎಂದು ಹೇಳಿ. ಉಸಿರನ್ನು ಕೈಯಲ್ಲೇ, ಪದ ಶುರುವಾಗುವುದಕ್ಕೆ ಚೂರು ಹಿಂದೆಯೇ ನಿಲ್ಲಿಸಿ, 6ರಿಂದ 10 ಡಿಬಿ ತಗ್ಗಿಸಿದರೆ ಸಾಕು, ಪೂರ್ತಿ ತೆಗೆಯಬಾರದು.

ಪ, ಬ, ಭ ಇದ್ದಲ್ಲಿ ಗಾಳಿ ಬಡಿಯುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಮೂಗಿನ ಎತ್ತರಕ್ಕೆ ಇಟ್ಟು ಸ್ವಲ್ಪ ಕೆಳಗೆ ಬಾಗಿಸಿ, ಹದಿನೈದು-ಇಪ್ಪತ್ತು ಸೆಂಟಿಮೀಟರ್ ದೂರ ನಿಂತರೆ ಬಹುಪಾಲು ಹೋಗುತ್ತದೆ. ಇನ್ನೂ ಹತ್ತಿರ ಹೋದರೆ ಧ್ವನಿ ದಪ್ಪವಾಗಿ ಹಿತವೆನಿಸಬಹುದು, ಆದರೆ ಒಂದು ಸಾಲು ಹತ್ತಿರ, ಇನ್ನೊಂದು ದೂರ ಎಂದಾದರೆ ಒಬ್ಬರೇ ಹಾಡಿದ್ದು ಇಬ್ಬರ ಹಾಗೆ ಕೇಳಿಸುತ್ತದೆ. ನೆಲದಲ್ಲಿ ಪಾದದ ಗುರುತಿಗೆ ಟೇಪ್ ಅಂಟಿಸಿ.

ತಪ್ಪಿದ ಸ್ವರವನ್ನು ಎಳೆದು ಸರಿಮಾಡುವ ಸಾಫ್ಟ್‌ವೇರ್ ಆಟೋಟ್ಯೂನ್ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ವೇಗವನ್ನು ಪೂರ್ತಿ ಏರಿಸಿಟ್ಟರೆ ಗಮಕ, ಜಾರು ಎಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ತಪ್ಪಿದ ಸ್ವರವನ್ನಷ್ಟೇ ಹಿಡಿದು ಕೈಯಲ್ಲಿ ಸರಿಪಡಿಸುವುದಕ್ಕೆ ಸಮಯ ಹೆಚ್ಚು ಬೇಕು, ಆದರೆ ಭಾವಗೀತೆಯ ಧಾಟಿಗೆ ಬೇರೆ ಉಪಾಯವಿಲ್ಲ. ಅದಕ್ಕಿಂತ ಇನ್ನೊಂದು ಟೇಕ್ ಹಾಡುವುದೇ ಒಳ್ಳೆಯದು.

ಕನ್ನಡ ಚೆನ್ನಾಗಿ ಬಲ್ಲ ಒಬ್ಬರನ್ನು, ಮೇಷ್ಟ್ರನ್ನೋ ಟೀಚರನ್ನೋ ಹಾಡು ಕೇಳುವ ಅತ್ತಿಗೆಯನ್ನೋ, ಕಂಟ್ರೋಲ್ ರೂಮಿನಲ್ಲಿ ಕೂರಿಸಿ. ಅವರ ಕೈಯಲ್ಲಿ ಮುದ್ರಿಸಿದ ಸಾಹಿತ್ಯ, ಪ್ರತಿ ಸಾಲಿನ ಬಲಗಡೆ ಟೇಕ್ 1, 2, 3 ಎಂದು ಮನೆ. ಅಕ್ಷರ ಸರಿ ಬಂದ ಟೇಕಿಗೆ ಗುರುತು. ಮೊದಲು ಮೂರು ಸಲ ಹಾಡನ್ನು ಪೂರ್ತಿ ಹಾಡಿ, ಆಮೇಲೆ ಗುರುತು ಬೀಳದ ಸಾಲು ಮಾತ್ರ. ಮೊದಲಿಂದಲೇ ಸಾಲು ಸಾಲಾಗಿ ಹಾಡಿದರೆ ಹಾಡಿನ ಓಟ ಸಿಗುವುದಿಲ್ಲ.

ದರ ಕೇಳುವಾಗ ಗಂಟೆ ಲೆಕ್ಕವೋ, ಹಾಡಿನ ಲೆಕ್ಕವೋ, ಇಡೀ ಆಲ್ಬಮಿನ ಪ್ಯಾಕೇಜೋ ಎಂದು ಬಿಡಿಸಿ ಕೇಳಿ. ಹೊಸಬರಿಗೆ ಹಾಡಿನ ಲೆಕ್ಕ ಮನಸ್ಸಿಗೆ ನಿರಾಳ, ಗಡಿಯಾರ ನೋಡಬೇಕಾಗಿಲ್ಲ. ಆದರೆ ಅದರಲ್ಲಿ ಮಿಕ್ಸಿನ ತಿದ್ದುಪಡಿ ಎಷ್ಟು ಸಲ ಸೇರಿದೆ ಎಂಬುದು ಕಾಗದದಲ್ಲಿರಬೇಕು, ಎರಡು ಸಲವಾದರೂ ಬೇಕು. ಪ್ಯಾಕೇಜಿನಲ್ಲಿ ಪ್ರತಿ ವಾದ್ಯದ ಬೇರೆ ಬೇರೆ ಟ್ರ್ಯಾಕ್ ಕೊಡುತ್ತಾರೋ ಇಲ್ಲವೋ ನೋಡಿ. ಬರಿಯ ಎಂಪಿ3 ಕೊಟ್ಟು ಕಳಿಸಿದರೆ ನಾಳೆ ಇನ್ನೊಬ್ಬರಲ್ಲಿ ಮಿಕ್ಸ್ ಮಾಡಿಸಲು ದಾರಿಯೇ ಇರುವುದಿಲ್ಲ. ಧ್ವನಿಯಿಲ್ಲದ ಕರೋಕೆಯನ್ನೂ ಅಂದೇ ತೆಗೆಸಿಕೊಳ್ಳಿ, ವೇದಿಕೆಗೆ ಅದೇ ಬೇಕಾಗುವುದು.

ಮಂಗಳೂರು

ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ತುಳು ಸಿನೆಮಾ, ನಾಟಕ, ಭಕ್ತಿಗೀತೆಯ ಕೆಲಸ ಅಲ್ಲಿ ನಡೆಯುವುದರಿಂದ ಕನ್ನಡ-ತುಳು ಕೇಳಿ ಅಭ್ಯಾಸವಿರುವ ಎಂಜಿನಿಯರ್, ಕೊಳಲು-ತಬಲ-ಪಿಟೀಲಿನವರು ಅಲ್ಲಿ ಸುಲಭವಾಗಿ ಸಿಗುತ್ತಾರೆ. ವಾದ್ಯದವರನ್ನು ಕಾಸರಗೋಡಿಗೆ ಕರೆಸುವ ಖರ್ಚಿಗಿಂತ ನೀವೇ ಹೋಗುವ ಖರ್ಚು ಕಡಿಮೆ. ಮಂಗಳೂರು ಆರಿಸುವುದಕ್ಕೆ ಇದೇ ಮುಖ್ಯ ಕಾರಣವಾಗಬೇಕು. “ದೊಡ್ಡ ಊರಿನ ಸ್ಟುಡಿಯೋ” ಎಂಬ ಒಂದೇ ಕಾರಣಕ್ಕೆ ಹೋಗಬೇಡಿ.

ಚೆಂಡೆ, ಮದ್ದಳೆ ಬೇಕೆಂದಿದ್ದರೆ ಮಂಗಳೂರಿನ ದೊಡ್ಡ ಕೋಣೆಗೇ ಹೋಗಿ. ಸಣ್ಣ ಬೂತಿನಲ್ಲಿ ಚೆಂಡೆ ಬಾರಿಸಿದರೆ ಗೋಡೆಗೆ ಬಡಿದ ಸದ್ದು ಪೆಟ್ಟಿನ ಮೇಲೇ ಬಿದ್ದು ಎಲ್ಲ ಕಲಸಿಹೋಗುತ್ತದೆ. ಮೈಕ್ ಒಂದೂವರೆ ಮೀಟರ್ ದೂರ, ಮೈಕಿನಲ್ಲಿ ಜೋರು ಸದ್ದನ್ನು ತಗ್ಗಿಸುವ ಪ್ಯಾಡ್ ಸ್ವಿಚ್ ಹಾಕಿರಬೇಕು. ಮದ್ದಳೆಗೆ ಎರಡೂ ಮುಖಕ್ಕೆ ಒಂದೊಂದು ಮೈಕ್. ಚೆಂಡೆಯನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯುವ ಆಸೆ ಬಿಡಿ. ಯಕ್ಷಗಾನ ಮೇಳದ ಕಲಾವಿದರು ಬೇಕಿದ್ದರೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ಕೊನೆಯ ವಾರದ ನಂತರ ಕೇಳಿ. ತಿರುಗಾಟದ ಕಾಲದಲ್ಲಿ ರಾತ್ರಿಯಿಡೀ ಬಾರಿಸಿದವರನ್ನು ಬೆಳಿಗ್ಗೆ ಹತ್ತಕ್ಕೆ ಸ್ಟುಡಿಯೋದಲ್ಲಿ ಕೂರಿಸುವುದು ಅವರಿಗೂ ಹಿಂಸೆ, ಹಾಡಿಗೂ ನಷ್ಟ. ಕೀಬೋರ್ಡಿನವರೂ ಮಳೆಗಾಲದಲ್ಲೇ ಹೆಚ್ಚು ಬಿಡುವಾಗಿರುತ್ತಾರೆ, ಮದುವೆ-ಆರ್ಕೆಸ್ಟ್ರಾ ಇರುವುದಿಲ್ಲ.

ಧ್ವನಿಯನ್ನೂ ಅಲ್ಲೇ ಹಾಡುವುದಾದರೆ ಹೋದ ಕೂಡಲೇ ಹಾಡಬೇಡಿ. ಬಸ್ಸಿನ ಧೂಳು ಕುಡಿದ ಗಂಟಲಿಗೆ ಒಂದೆರಡು ಗಂಟೆ ಬಿಡುವು ಬೇಕು. ಒಂದು ದಿನಕ್ಕೆ ಎರಡು ಹಾಡಿನ ಧ್ವನಿ ಮಾತ್ರ ಇಟ್ಟುಕೊಳ್ಳಿ, ಮೂರನೆಯದಕ್ಕೆ ಮೇಲಿನ ಸ್ವರ ಸೋಲುತ್ತದೆ. ಎತ್ತರದ ಹಾಡು ಮೊದಲು, ತಗ್ಗಿನದು ಆಮೇಲೆ.

ಲೆಕ್ಕ

ಅಂಕಿ ಊಹೆಯದ್ದು, ನಿಮ್ಮ ಊರಿನ ದರ ಹಾಕಿ ನೋಡಿ. ಆರು ಹಾಡು, ಧ್ವನಿಗೆ ಹಾಡೊಂದಕ್ಕೆ ಮೂರು ಗಂಟೆ, ಒಟ್ಟು 18. ಊರಿನಲ್ಲಿ ಗಂಟೆಗೆ 600 ಎಂದಿಟ್ಟುಕೊಂಡರೆ 10,800. ಮಂಗಳೂರಿನಲ್ಲಿ 1,000 ಎಂದಾದರೆ 18,000, ಮೂರು ದಿನದ ಓಡಾಟ ಬೇರೆ. ವ್ಯತ್ಯಾಸ ಏಳೆಂಟು ಸಾವಿರ. ಇನ್ನು ಪ್ರೋಗ್ರಾಮಿಂಗನ್ನು ಸ್ಟುಡಿಯೋದಲ್ಲೇ ಕೂತು ಮಾಡಿದರೆ ಹಾಡಿಗೆ ಎಂಟು ಗಂಟೆಯಂತೆ 48 ಗಂಟೆ, ಊರಿನ ದರದಲ್ಲೇ 28,800. ಮಂಗಳೂರೋ ಊರೋ ಎಂಬುದಕ್ಕಿಂತ, ಸಿದ್ಧ ಮಾಡಿಕೊಂಡು ಹೋಗುತ್ತೀರೋ ಅಲ್ಲಿ ಹೋಗಿ ಸಿದ್ಧ ಮಾಡುತ್ತೀರೋ ಎಂಬುದೇ ಹಣವನ್ನು ತಿನ್ನುವುದು.

ಹೀಗಾಗಿ ಹೆಚ್ಚಿನವರಿಗೆ ಹೊಂದುವ ಕ್ರಮ: ಪ್ರೋಗ್ರಾಮಿಂಗ್ ಮತ್ತು ಕಚ್ಚಾ ಧ್ವನಿ ಮನೆಯಲ್ಲಿ, ಕೊನೆಯ ಧ್ವನಿ ಊರಿನ ಸ್ಟುಡಿಯೋದಲ್ಲಿ ಕನ್ನಡ ಬಲ್ಲವರ ಜೊತೆ, ಜೀವಂತ ವಾದ್ಯ ಮತ್ತು ಮಿಕ್ಸ್ ಮಂಗಳೂರಿನಲ್ಲಿ. ಗಿಟಾರ್ ಮತ್ತು ಧ್ವನಿ ಮಾತ್ರ ಇರುವ ಆಲ್ಬಮ್ ಆದರೆ ಮಂಗಳೂರಿನ ಅಗತ್ಯವೇ ಇಲ್ಲ. ಕಾಲಮಿತಿ ಇದ್ದವರು, ಕಂಪ್ಯೂಟರ್ ಒಗ್ಗದವರು ಒಬ್ಬರೇ ನಂಬಿಕಸ್ಥರಿಗೆ ಪೂರ್ತಿ ವಹಿಸುವುದು ಒಳ್ಳೆಯದು.

ಒಂದೆಡೆಯಿಂದ ಇನ್ನೊಂದೆಡೆಗೆ ಫೈಲ್ ಒಯ್ಯುವಾಗ ಎಲ್ಲ ಟ್ರ್ಯಾಕುಗಳೂ ಸೊನ್ನೆ ಸೆಕೆಂಡಿನಿಂದ ಶುರುವಾಗಬೇಕು, 24 ಬಿಟ್ ವೇವ್ ಆಗಿರಬೇಕು. ಫೈಲಿನ ಹೆಸರಲ್ಲೇ ವಾದ್ಯ ಮತ್ತು ಬೀಟ್ ಬರೆಯಿರಿ. 48 ಕಿಲೋಹರ್ಟ್ಝ್‌ನಲ್ಲಿ ಮಾಡಿದ್ದನ್ನು ಯಾರಾದರೂ 44.1 ಎಂದು ತಿಳಿದು ತೆರೆದರೆ ಹಾಡು ನಿಧಾನವಾಗಿ, ಶ್ರುತಿ ಸುಮಾರು ಒಂದೂವರೆ ಅರ್ಧಸ್ವರ ಕೆಳಗಿಳಿಯುತ್ತದೆ. ಹಾಗೆ ಕೇಳಿಸಿದರೆ ಗಾಬರಿಯಾಗಬೇಡಿ, ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ. ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ಐದು ನಿಮಿಷದ ಹಾಡಿನಲ್ಲಿ 16 ಟ್ರ್ಯಾಕ್ ಇದ್ದರೆ 700 ಎಂಬಿಯ ಹತ್ತಿರ. ಬಿಟ್ಟ ಟೇಕುಗಳೂ ಸೇರಿ ಆರು ಹಾಡಿಗೆ 64 ಜಿಬಿ ಪೆನ್‌ಡ್ರೈವ್ ಧಾರಾಳ. ಎರಡು ನಕಲು ಮಾಡಿ ಬೇರೆ ಬೇರೆ ಎರಡು ಮನೆಗಳಲ್ಲಿ ಇಡಿ.

ಕೊನೆಯ ಮಾಸ್ಟರನ್ನು, ಅಂದರೆ ಬಿಡುಗಡೆಗೆ ಸಿದ್ಧವಾದ ಫೈಲನ್ನು, ಸರಾಸರಿ ಜೋರಿನ ಅಳತೆಯಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸಿನಲ್ಲಿ, ಶಿಖರ ಮೈನಸ್ 1 ಡಿಬಿ ದಾಟದಂತೆ ಕೇಳಿ ಪಡೆಯಿರಿ. ಇದಕ್ಕಿಂತ ಜೋರಾಗಿ ಒತ್ತಿ ಕೊಟ್ಟರೂ ಸ್ಪಾಟಿಫೈ, ಯೂಟ್ಯೂಬ್ ಅದನ್ನು ತಗ್ಗಿಸಿಯೇ ನುಡಿಸುತ್ತವೆ, ಒತ್ತಡದಿಂದ ಸತ್ತ ತಬಲದ ಪೆಟ್ಟು ಮಾತ್ರ ವಾಪಸು ಬರುವುದಿಲ್ಲ. ಒಪ್ಪಿಗೆ ಕೊಡುವ ಮೊದಲು ಮೊಬೈಲಿನ ಸ್ಪೀಕರಿನಲ್ಲಿ, ಸಾಹಿತ್ಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಕೇಳಿದ ಸಾಲನ್ನು ಬರೆಯಲು ಹೇಳಿ. ಅವರು ತಪ್ಪು ಬರೆದ ಜಾಗದಲ್ಲಿ ಧ್ವನಿಯನ್ನು 1 ಡಿಬಿ ಏರಿಸಿ, ಇಲ್ಲವೇ ಅಲ್ಲಿ ಅಡ್ಡ ಬರುವ ಕೀಬೋರ್ಡನ್ನು ತಗ್ಗಿಸಿ.

ಸ್ವಂತ ಹಾಡುಗಳ ನಡುವೆ ನಮ್ಮ ನೆಲದ ಕವಿಯ ಒಂದು ಪದ್ಯ ಸೇರಿಸುವ ಆಸೆ ಹಲವರಿಗಿರುತ್ತದೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ. ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರ ಜನವರಿಯಿಂದ ಎಲ್ಲರ ಸ್ವತ್ತು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಅವರ ಪದ್ಯಕ್ಕೆ 2075ರ ಕೊನೆಯವರೆಗೆ ವಾರಸುದಾರರ ಅಥವಾ ಹಕ್ಕು ಇರುವವರ ಲಿಖಿತ ಒಪ್ಪಿಗೆ ಬೇಕು. ರಾಗ ಸಂಯೋಜನೆ ನಿಮ್ಮದೇ ಆದರೂ ಇದು ತಪ್ಪುವುದಿಲ್ಲ. ಈ ಒಪ್ಪಿಗೆಯನ್ನು ಹಾಡುವ ಮೊದಲೇ ತೆಗೆದುಕೊಳ್ಳಿ. ವಾದ್ಯದವರಿಂದಲೂ “ಸಂಭಾವನೆ ಪಡೆದಿದ್ದೇನೆ, ಬಿಡುಗಡೆಗೆ ಒಪ್ಪಿದ್ದೇನೆ” ಎಂಬ ಎರಡು ಸಾಲಿಗೆ ಅಂದೇ ಸಹಿ ಹಾಕಿಸಿಕೊಂಡು, ಆ ಕಾಗದಗಳ ಫೋಟೋವನ್ನು ಹಾಡಿನ ಫೈಲುಗಳ ಜೊತೆಗೇ ಇಡಿ.